ಸದ್ದಲೇ: ಸರಪಳಿ, ಉಕ್ಕಿನ ಹಗ್ಗ ಮತ್ತು ಶ್ರವಣಾತೀತ ಪರೀಕ್ಷೆ ಕುರಿತು ಒಂದು ಟಿಪ್ಪಣಿ

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಸೇರುವ ಲಕ್ಷಾಂತರ ಜನ ಒಂದೇ ಪದಕ್ಕೆ ತೆಪ್ಪಗಾಗುತ್ತಾರೆ. ಡೆಂಕನಮರಡಿಯಲ್ಲಿ ಬಿಲ್ಲೇರಿದ ಗೊರವಯ್ಯ ‘ಸದ್ದಲೇ’ ಎಂದೊಡನೆ ಡಮರುಗ, ಗಂಟೆ, ಏಳುಕೋಟಿಯ ಘೋಷ ಎಲ್ಲವೂ ನಿಂತು, ಭವಿಷ್ಯವಾಣಿಯಾದ ಕಾರ್ಣಿಕದ ಒಂದು ಸಾಲಿಗಾಗಿ ಕಿವಿಗಳಷ್ಟೇ ಉಳಿಯುತ್ತವೆ. ಇದೇ ಜಾತ್ರೆಯಲ್ಲಿ ಸರಪಳಿ ಪವಾಡವೂ ಉಂಟು; ಕಬ್ಬಿಣದ ಸರಪಳಿಯನ್ನು ಜಗ್ಗಿ ಹರಿಯುತ್ತಾರೆ. ಭಕ್ತರ ಪವಾಡಕ್ಕೆ ಅಳತೆಗೋಲು ಹಿಡಿಯುವ ಉದ್ದೇಶ ನನಗಿಲ್ಲ. ನನ್ನ ಕುತೂಹಲ ಇನ್ನೊಂದು ಸರಪಳಿಯದು. ಮೈಲಾರದ ಬಳಿ ಹರಿಯುವ ತುಂಗಭದ್ರೆಯ ಕೆಳಹರಿವಿನಲ್ಲಿ, ಹೊಸಪೇಟೆಯ ಅಣೆಕಟ್ಟೆಯ ಮೇಲೆ, ಹರಿಯಬಾರದಿದ್ದ ಸರಪಳಿ 2024ರ ಆಗಸ್ಟ್ 10ರ ರಾತ್ರಿ ಹರಿಯಿತು. 33 ಕ್ರಸ್ಟ್‌ಗೇಟುಗಳ ಪೈಕಿ 19ನೆಯದು ನೀರುಪಾಲಾಯಿತು. 60 ಅಡಿ ಅಗಲ, 20 ಅಡಿ ಎತ್ತರದ ಆ ಬಾಗಿಲಿನ ಜಾಗಕ್ಕೆ, ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಸ್ಟಾಪ್‌ಲಾಗ್ ಇಳಿಸಲು ಸುಮಾರು ಒಂದು ವಾರ ಹಿಡಿಯಿತು. ಮರುವರ್ಷ, 2025ರ ಮಳೆಗಾಲದಲ್ಲಿ, 105.79 ಟಿಎಂಸಿ ಅಡಿ ಸಾಮರ್ಥ್ಯದ ಜಲಾಶಯದಲ್ಲಿ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಸೀಮಿತಗೊಳಿಸಲಾಯಿತು.

ಇಂಥ ಅವಘಡದ ಮಾರನೆಯ ದಿನ ಎಲ್ಲರ ಬಾಯಲ್ಲೂ ‘ಯುಟಿ ಮಾಡಿಸಬೇಕಿತ್ತು’ ಎಂಬ ಮಾತು ಬರುತ್ತದೆ. ಯುಟಿ ಎಂದರೆ ಅಲ್ಟ್ರಾಸಾನಿಕ್ ಟೆಸ್ಟಿಂಗ್, ವಸ್ತುವನ್ನು ಕೊಯ್ಯದೆ ಒಡೆಯದೆ ಮಾಡುವ ಶ್ರವಣಾತೀತ ಧ್ವನಿಯ ಪರೀಕ್ಷೆ. ಮಾತು ಸರಿಯೇ, ಆದರೆ ಅರ್ಧ. ಯಾವ ಭಾಗದ್ದು, ಯಾವ ಕಡೆಯಿಂದ, ಯಾವ ತರಂಗದಿಂದ ಎಂದು ಹೇಳದ ‘ಯುಟಿ ಆಗಿದೆ’ ಎಂಬ ವರದಿಯಿಂದ ತಿಳಿಯುವುದು ಬಹಳ ಕಡಿಮೆ.

ತತ್ವ ಹೊಸದೇನಲ್ಲ. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸು ಬೆರಳ ಗೆಣ್ಣಿನಿಂದ ತಟ್ಟಿ, ‘ಠಣ್’ ಎಂದರೆ ಬುಟ್ಟಿಗೆ, ‘ದಬ್’ ಎಂದರೆ ವಾಪಸ್ ಇಡುತ್ತಾಳೆ. ಸೋವಿಯತ್ ವಿಜ್ಞಾನಿ ಸೊಕೊಲೊವ್ 1928ರಲ್ಲಿ ಲೋಹದೊಳಗಿನ ದೋಷ ಹುಡುಕಲು ಶ್ರವಣಾತೀತ ಧ್ವನಿಯನ್ನು ಸೂಚಿಸಿದ. ಅಮೆರಿಕದ ಫೈರ್‌ಸ್ಟೋನ್ 1940ರ ದಶಕದ ಆರಂಭದಲ್ಲಿ, ಮಿಡಿತ ಕಳಿಸಿ ಮಾರ್ದನಿ ಕೇಳುವ ಉಪಕರಣ ರೂಪಿಸಿದ.

40 ಮಿ.ಮೀ. ದಪ್ಪದ ಉಕ್ಕಿನ ಸರಳನ್ನು ಬೆಂಚಿನ ಮೇಲಿಟ್ಟುಕೊಳ್ಳೋಣ. ತುಕ್ಕು ಉಜ್ಜಿ ತೆಗೆದು, ಒಂದಿಷ್ಟು ಗ್ರೀಸು ಸವರಿ, ಧ್ವನಿ ಕಳಿಸಿ ಮಾರ್ದನಿ ಕೇಳುವ ಪ್ರೋಬನ್ನು ಒತ್ತಬೇಕು. ಗ್ರೀಸಿಲ್ಲದಿದ್ದರೆ ಪ್ರೋಬಿಗೂ ಉಕ್ಕಿಗೂ ನಡುವೆ ಉಳಿಯುವ ಗಾಳಿಯ ತೆಳು ಪದರವೇ ಧ್ವನಿಯನ್ನು ಹಿಂದಕ್ಕೆ ಅಟ್ಟುತ್ತದೆ. ಉಕ್ಕಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 5,900 ಮೀಟರ್. ಆಚೆ ದಡಕ್ಕೆ ಹೋಗಿ ಮರಳಲು 13.6 ಮೈಕ್ರೊಸೆಕೆಂಡು ಸಾಕು. ಪರದೆಯ ಮೇಲೆ ಅಲ್ಲೊಂದು ಚೂಪು ಗೆರೆ ಏಳುತ್ತದೆ. ಅದಕ್ಕೂ ಮೊದಲೇ, 10.5ರ ಆಸುಪಾಸಿನಲ್ಲಿ, ಪುಟ್ಟ ಗೆರೆಯೊಂದು ತಲೆ ಎತ್ತಿದರೆ 31 ಮಿ.ಮೀ. ಆಳದಲ್ಲಿ ಏನೋ ಇದೆ ಎಂದರ್ಥ. ಅದು ಬಿರುಕೋ, ಕಿಟ್ಟವೋ, ಬೆಸುಗೆಯ ಪೊಳ್ಳೋ ಎಂಬುದನ್ನು ಪರದೆ ತಾನಾಗಿ ಹೇಳುವುದಿಲ್ಲ. ಪ್ರೋಬನ್ನು ಅತ್ತಿತ್ತ ಸರಿಸಿ, ಕೋನ ಬದಲಿಸಿ, ಗೆರೆ ಹೇಗೆ ಏರುತ್ತದೆ, ಹೇಗೆ ಕರಗುತ್ತದೆ ಎಂದು ನೋಡುವ ಕೈಗೆ ಅನುಭವ ಬೇಕು.

ಗೇಟಿನ ತಗಡಿನ ದಪ್ಪ ಸವೆದಿದೆಯೇ ಎಂದು ಅಳೆಯಲು ಇದಕ್ಕಿಂತ ಸಲೀಸಾದ ವಿಧಾನವಿಲ್ಲ: ಮುಖ ಸಪಾಟು, ಬೆನ್ನೂ ಸಪಾಟು. ಸರಪಳಿಯ ಕಥೆ ಬೇರೆ. ಬಾಗಿದ ಕೊಂಡಿಯಲ್ಲಿ ಸವೆತವೂ ಬಿರುಕೂ ಸಾಮಾನ್ಯವಾಗಿ ಹುಟ್ಟುವುದು ಒಂದು ಕೊಂಡಿ ಇನ್ನೊಂದಕ್ಕೆ ತಾಗುವ ಒಳಬಾಗಿನಲ್ಲಿ, ಅಂದರೆ ಪ್ರೋಬ್ ಕೂರಲು ಜಾಗವೇ ಇಲ್ಲದ ಕಡೆ. ಪಟ್ಟಿ ಮತ್ತು ಪಿನ್ನುಗಳ ಸರಪಳಿಯಾದರೆ ಪಿನ್ನಿನ ತುದಿಯಿಂದ ಧ್ವನಿ ಕಳಿಸಿ ಪಿನ್ನನ್ನು ಉದ್ದಕ್ಕೆ ನೋಡಬಹುದು. ಪಟ್ಟಿಯ ತೂತಿನ ಒಳಅಂಚು ಆಗಲೂ ಮರೆಯಲ್ಲೇ. ಈ ಮರೆ ಎಷ್ಟು ದುಬಾರಿ ಎಂಬುದಕ್ಕೆ ಅಮೆರಿಕದ ಒಹಾಯೋ ನದಿಯ ಸಿಲ್ವರ್ ಬ್ರಿಜ್ ಸಾಕ್ಷಿ. ಕಣ್ಣುಪಟ್ಟಿಗಳ ಸರಪಳಿಯಿಂದ ತೂಗುಹಾಕಿದ ಆ ಸೇತುವೆ 1967ರ ಡಿಸೆಂಬರ್ 15ರಂದು ಕುಸಿದು 46 ಜನ ಸತ್ತರು. ಮೂಲ ಕಾರಣ, ಒಂದು ಪಟ್ಟಿಯ ಕಣ್ಣಿನ ಒಳಗೋಡೆಯಲ್ಲಿದ್ದ ಸುಮಾರು ಎರಡೂವರೆ ಮಿ.ಮೀ. ಆಳದ ಬಿರುಕು. ಕೀಲು ಬಿಚ್ಚದೆ ಅದು ಕಾಣುವಂತಿರಲಿಲ್ಲ.

ಹಾಗಾದರೆ ಸರಪಳಿ ಬಿಟ್ಟು ಉಕ್ಕಿನ ಹಗ್ಗ ಹಾಕಿದರಾಯಿತಲ್ಲ? ಈ ಪ್ರಶ್ನೆಗೆ ಎರಡು ಶತಮಾನ ವಯಸ್ಸಾಗುತ್ತ ಬಂದಿದೆ. ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್ ಗಣಿಯ ಸರಪಳಿಗಳು ಮತ್ತೆ ಮತ್ತೆ ಭಾರ ಹೊತ್ತು ದಣಿದು ಹರಿಯುವುದನ್ನು ಪರೀಕ್ಷಿಸಿದವನು. ಬೇಸತ್ತು 1834ರಲ್ಲಿ ಮೂರು ಹುರಿಗಳ, ಒಂದೊಂದರಲ್ಲಿ ನಾಲ್ಕು ತಂತಿಗಳ ಹಗ್ಗ ಹೊಸೆಸಿದ. ಹಗ್ಗಕ್ಕೆ ಒಂದು ಸೌಜನ್ಯವಿದೆ: ಒಂದು ತಂತಿ ಹೋದರೆ ಉಳಿದವು ಭಾರ ಹಂಚಿಕೊಳ್ಳುತ್ತವೆ, ಹೋದದ್ದು ಮುಳ್ಳಿನಂತೆ ಹೊರಚಾಚಿ ಎಚ್ಚರಿಸುತ್ತದೆ. ಒಂಟಿ ಸರಪಳಿಯಲ್ಲಿ ಒಂದು ಕೊಂಡಿ ಹೋದರೆ ಭಾರ ಹೊರಲು ಇನ್ನೇನೂ ಉಳಿದಿರುವುದಿಲ್ಲ.

ಹಗ್ಗದ ಸೌಜನ್ಯವೇ ಯುಟಿಗೆ ತೊಡಕು. ತಲಾ 19 ತಂತಿಗಳ ಆರು ಹುರಿ ಎಂದರೆ 114 ತಂತಿಗಳು. ಪಕ್ಕಪಕ್ಕದವು ತಾಗುವುದು ಕೂದಲೆಳೆಯಷ್ಟು ಜಾಗದಲ್ಲಿ, ಮಧ್ಯೆ ಗಾಳಿ ಮತ್ತು ಜಿಡ್ಡು. 5 ಮೆಗಾಹರ್ಟ್ಸಿನ ತರಂಗದ ಉದ್ದ ಉಕ್ಕಿನಲ್ಲಿ ಸುಮಾರು 1.2 ಮಿ.ಮೀ., ಬಿಡಿ ತಂತಿಯ ದಪ್ಪಕ್ಕೆ ಹತ್ತಿರ. ಅಡ್ಡಲಾಗಿ ಕಳಿಸಿದ ಧ್ವನಿ ಹೊರಗಿನ ಒಂದೆರಡು ತಂತಿ ದಾಟುವಷ್ಟರಲ್ಲಿ ಚೆದುರಿಹೋಗುತ್ತದೆ. ಹತ್ತಾರು ಕಿಲೊಹರ್ಟ್ಸಿನ ತರಂಗವನ್ನು ಹಗ್ಗದ ಉದ್ದಕ್ಕೇ ಹರಿಯಬಿಡುವ ಉಪಾಯವೊಂದಿದೆ. ಅದು ಮೀಟರುಗಟ್ಟಲೆ ದೂರ ಹೋಗುತ್ತದೆ ನಿಜ. ಆದರೆ 50 ಕಿಲೊಹರ್ಟ್ಸಿನಲ್ಲಿ ತರಂಗದ ಉದ್ದ ಸುಮಾರು 10 ಸೆಂ.ಮೀ. ಆಗಿಬಿಡುವುದರಿಂದ ಒಂಟಿ ತಂತಿಯ ಮುರಿತ ಸುಲಭವಾಗಿ ಸಿಗದು.

ಆದ್ದರಿಂದಲೇ ಗಣಿಯ ಹಗ್ಗಗಳಿಗೆ ಪ್ರಪಂಚದಾದ್ಯಂತ ನೆಚ್ಚಿಕೊಂಡಿರುವುದು ಕಾಂತೀಯ ವಿಧಾನವನ್ನು: ಹಗ್ಗವನ್ನು ಕಾಂತಗೊಳಿಸಿ, ಮುರಿದ ತಂತಿಯ ಬಳಿ ಸೋರುವ ಕಾಂತಕ್ಷೇತ್ರವನ್ನು ಹಿಡಿಯುವುದು. ನಮ್ಮಲ್ಲಿ ಈ ವಿದ್ಯೆ ಬೇರೂರಿದ್ದು ಕೋಲಾರದ ಗಣಿ ಸೀಮೆಯಲ್ಲಿ. 1988ರಲ್ಲಿ ಕೆಜಿಎಫ್‌ನಲ್ಲಿ ಆರಂಭವಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಉಕ್ಕಿನ ಹಗ್ಗಗಳ ಪರೀಕ್ಷೆಯನ್ನು ತನ್ನ ಕೆಲಸಗಳಲ್ಲೊಂದಾಗಿ ನಡೆಸಿಕೊಂಡು ಬಂದಿದೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ವಿದ್ಯೆ ಉಳಿಯಿತು.

ಕಾಂತದ ಉಪಕರಣ ಸೋಲುವ ಜಾಗವೂ ಒಂದಿದೆ, ಹಗ್ಗವೋ ಕೇಬಲ್ಲೋ ಲಂಗರಿನ ಸಾಕೆಟ್ಟಿನೊಳಗೆ ಹೊಕ್ಕುವ ತುದಿ. ನೀರು ನಿಂತು ತುಕ್ಕು ಹಿಡಿಯುವುದೂ ಅಲ್ಲೇ. ಸೇತುವೆಯ ಕೇಬಲ್ಲುಗಳಲ್ಲಿ ಲಂಗರಿನ ಮುಚ್ಚಳ ತೆಗೆದರೆ ತಂತಿಗಳ ಕೊನೆ ಕಾಣುತ್ತದೆ. ಪ್ರತಿ ತಂತಿಯ ಕೊನೆಗೂ ಪ್ರೋಬ್ ಇಟ್ಟು ಒಳಕ್ಕೆ ಕೂಗಿ ಕೇಳಬಹುದು. ಕೇಬಲ್ಲುಗಳ ವಿಷಯದಲ್ಲಿ ಯುಟಿಗೆ ಅತ್ಯಂತ ಹೊಂದುವ ಕೆಲಸ ಇದೇ ಎಂಬುದು ನನ್ನ ಅಭಿಪ್ರಾಯ. 2025ರ ಜುಲೈ 14ರಂದು ಉದ್ಘಾಟನೆಯಾದ ಶರಾವತಿ ಹಿನ್ನೀರಿನ ಸಿಗಂದೂರು ಸೇತುವೆಯಂಥ ಕಡೆ ಈಗಲೇ, ಕೇಬಲ್ಲು ಹೊಸದಿರುವಾಗಲೇ, ಈ ಮಾರ್ದನಿಗಳನ್ನು ದಾಖಲಿಸಿಟ್ಟರೆ ಇಪ್ಪತ್ತು ವರ್ಷದ ನಂತರ ಹೋಲಿಸಲು ಆಧಾರ ಸಿಗುತ್ತದೆ.

ತುಂಗಭದ್ರೆಗೆ ಮರಳಿದರೆ, ಅಲ್ಲಿ ಕ್ರಸ್ಟಿನ ಮಟ್ಟ 1,613 ಅಡಿ, ತುಂಬಿದ ಮಟ್ಟ 1,633 ಅಡಿ. ನೀರು 1,613ಕ್ಕಿಂತ ಕೆಳಗಿಳಿದಾಗ ಗೇಟಿನ ಮೇಲೆ ಒತ್ತಡವಿರುವುದಿಲ್ಲ. ಸರಪಳಿಯ ಭಾರವನ್ನು ಬೇರೆ ಆಸರೆಗೆ ವರ್ಗಾಯಿಸಿ, ಕೀಲು ಬಿಚ್ಚಿ, ಒಳಅಂಚನ್ನು ಬರಿಗಣ್ಣಿಗೂ ಪ್ರೋಬಿಗೂ ಒಡ್ಡಲು ಸಿಗುವ ಬಿಡುವು ಅದು. ಲೆಕ್ಕ ಹಾಕಿದರೆ ಭರತ ಹುಣ್ಣಿಮೆ ಕಳೆದ ಮೇಲಿನ ಬೇಸಿಗೆ, ಮುಂಗಾರಿನ ಮೊದಲ ಕೆಂಪುನೀರು ಹೊಳೆಗೆ ಬರುವವರೆಗೆ.