ಮುಕ್ಕಾಮಿಗೆ ಹೋದ ಕೋಳಿ, ಕೇರಿಗೆ ಬಾರದ ಲಸಿಕೆ

ಪೋಸ್ಟ್ ಉದ್ದ ಅದ. ಪುರುಸೊತ್ತು ಮಾಡ್ಕೊಂಡು ಓದ್ರಿ. ಓದಿದ ಮ್ಯಾಲೆ ಮನ್ಯಾಗಿನ ಹೆಣ್ಮಕ್ಕಳಿಗೂ ಓದಿ ಹೇಳ್ರಿ, ಯಾಕಂದ್ರ ಇದು ಅವರ ಚರಿತ್ರೆ.

ನಾವು ಚಳವಳಿಯವರು ಭೂಮಿ ಬಗ್ಗೆ ಬರೆದೀವಿ, ಬಾವಿ ಬಗ್ಗೆ ಬರೆದೀವಿ, ಗುಡಿ ಬಗ್ಗೆ, ಹೋಟೆಲಿನ ಬ್ಯಾರೆ ಕಪ್ಪಿನ ಬಗ್ಗೆ ಬರೆದೀವಿ. ಕೋಳಿ ಬಗ್ಗೆ ಬರೆದವರು ಕಡಿಮಿ. ಆದರೆ ಹೊಲ ಇಲ್ಲದ, ಎತ್ತು ಇಲ್ಲದ, ಎಮ್ಮಿ ಕಟ್ಟಾಕ ಜಾಗ ಇಲ್ಲದ ಮನ್ಯಾಗ ನಮ್ಮ ಆಯಿ, ಅವ್ವಂದಿರ ಪಾಲಿಗೆ ಇದ್ದ ಆಸ್ತಿ ಅಂದ್ರ ಕೋಳಿ. ಅದಕ್ಕೆ ಪಹಣಿ ಇಲ್ಲ, ಖಾತೆ ಇಲ್ಲ. ಗಂಡಸರನ್ನು ಕೇಳದೆ ಹೆಣ್ಮಕ್ಕಳು ಮಾರಬಹುದಾಗಿದ್ದ ಜೀವ ಅದೊಂದೇ. ಸಂತಿ ದಿನ ಒಂದು ಹುಂಜ ಮಾರಿದ್ರ ಎಣ್ಣಿ, ಉಪ್ಪು, ಮಕ್ಕಳ ಪಾಟಿ-ಬಳಪ, ಜ್ವರದ ಗುಳಿಗಿ. ಗುಳೆ ಹೋಗೋ ಮುಂದ ಮುಂಬೈ ಗಾಡಿ ಟಿಕೀಟಿನ ರೊಕ್ಕ. ಇದನ್ನ ಸರ್ಕಾರಿ ಕಾಗದದಾಗ 'ಪೂರಕ ಆದಾಯ' ಅಂತ ಬರೀತಾರ. ಅಂಥ ಕಾಗದ ನಾನೂ ದಿನಾ ಟೈಪ್ ಮಾಡ್ತೀನಿ. ಹುಂಜ ಮಾರಿದ ದಿನಾನೇ ಮನ್ಯಾಗ ಒಲಿ ಹೊತ್ತಿದ್ದನ್ನು ಕಂಡವರಿಗೆ 'ಪೂರಕ' ಅನ್ನೋ ಪದ ಗಂಟಲಾಗ ಸಿಕ್ಕೊಳ್ತದ.

ಕೋಳಿ ಮನುಷ್ಯನ ಹತ್ರ ಹೆಂಗ ಬಂತು? ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕ, ಸುಮಾರು 3,500 ವರ್ಷ ಹಿಂದಿನ ಮೂಳೆಗಳೇ ಸಾಕುಕೋಳಿಯ ಅತಿ ಹಳೆಯ ಗುರುತು ಎಂದು 2022ರಲ್ಲಿ ವಿಜ್ಞಾನಿಗಳು ಬರೆದರು. ಭತ್ತ, ಸಿರಿಧಾನ್ಯ ಬೆಳೆದ ಕಡೆ ಚೆಲ್ಲಿದ ಕಾಳು ಆಯಲು ಅದು ತಾನೇ ಕಾಡು ಬಿಟ್ಟು ಬಂತಂತ. ನಮ್ಮ ಕೇರಿಯ ಕೋಳೀನೂ ಇವತ್ತಿಗೂ ಹಂಗೇ: ಚೆಲ್ಲಿದ ಜ್ವಾಳ, ತಿಪ್ಪಿಯೊಳಗಿನ ಹುಳ. ಸಾಕಾಕ ರೊಕ್ಕ ಬೇಡದ ಜೀವ ಬಡವರ ಮನಿಗೇ ಬರ್ತದ.

ಜಾತಿ ಲೆಕ್ಕದಾಗ ಕೋಳಿಯ ಜಾಗ ವಿಚಿತ್ರ. 12ನೇ ಶತಮಾನದ ಶರಣೆ, ಉರಿಲಿಂಗಪೆದ್ದಿಯ ಹೆಂಡತಿ ಕಾಳವ್ವೆ ತನ್ನ ವಚನದಲ್ಲಿ ಇದನ್ನೇ ಎತ್ತಿ ಕೇಳಿದಾಳ: ಕುರಿ-ಕೋಳಿ ತಿಂದವರು ಕುಲಸ್ಥರು, ದನ ತಿಂದ ಮಾದಿಗರು ಮಾತ್ರ ಕೀಳು ಹೆಂಗ ಅಂತ. ಆ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ. ನಮ್ಮೂರಾಗ ಕೇರಿಯ ಎಮ್ಮಿ ಹಾಲು ಊರೊಳಗ ಯಾರೂ ತೊಗೊಳ್ತಿರಲಿಲ್ಲ. ಅದೇ ಕೇರಿಯ ತತ್ತಿ, ಹುಂಜ ಮಾತ್ರ ಬೇಕು. ಹಾಲಿಗೆ ಮೈಲಿಗೆ ಹತ್ತತದ, ತತ್ತಿಗೆ ಸಿಪ್ಪಿ ಅದ! ನಗಬ್ಯಾಡ್ರಿ, ಇದನ್ನ ನನಗೆ ಹೇಳಿದವರು ಗಂಭೀರವಾಗೇ ಹೇಳಿದ್ರು.

ಊರಿಗೆ ನಮ್ಮ ಕೋಳಿ ಬೇಕಾಗಿತ್ತು ಅನ್ನೋದಕ್ಕ ಇನ್ನೊಂದು ಮುಖ ಅದ, ಅದು ಬಿಟ್ಟಿ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದು ಸೋತ ಮೇಲೆ ಸುರಪುರ ಸಂಸ್ಥಾನ ಕಂಪನಿಯವರ ಕೈಗೆ ಹೋಯಿತು. 1860ರಲ್ಲಿ ಅದನ್ನು ನಿಜಾಮರಿಗೆ ಕೊಟ್ಟರು. ಅಲ್ಲಿಂದ 1948ರ ಸೆಪ್ಟೆಂಬರ್ 17ರವರೆಗೆ ಈ ಸೀಮೆ ಹೈದರಾಬಾದ್ ಸಂಸ್ಥಾನದ ಭಾಗ. ತೆಲಂಗಾಣದ ಕಡೆ ವೆಟ್ಟಿ, ನಮ್ಮ ಕಡೆ ಬಿಟ್ಟಿ. ಅಧಿಕಾರಿ ಊರಿಗೆ ಮುಕ್ಕಾಂ ಹಾಕಿದ್ರ ಕಟ್ಟಿಗಿ, ಮೇವು, ಹಾಲು, ಕುರಿ, ಕೋಳಿ ಎಲ್ಲ ಪುಕ್ಕಟೆ ಹೋಗಬೇಕು. ಕೂಲಿ ಇಲ್ಲದೆ ಹೊತ್ತು ಮುಟ್ಟಿಸೋರು ಹೊಲೆಯ-ಮಾದಿಗರು. ಪಾಟೀಲ ತನ್ನ ಮನಿ ಕುರಿ ಕೊಡ್ತಿದ್ನೋ ಇಲ್ಲೋ, ಕೇರಿಯ ಹುಂಜ ಅಂತೂ ಹೋಗ್ತಿತ್ತು.

ನಮ್ಮ ಆಯಿ ಆಗ ಸಣ್ಣ ಹುಡುಗಿ. ವಾಲಿಕಾರ ಕೇರಿಗೆ ಬಂದ ಅಂದ್ರ ಹೆಣ್ಮಕ್ಕಳು ಹುಂಜನ ಬುಟ್ಟಿ ಕೆಳಗ ಮುಚ್ಚಿ ಮ್ಯಾಲೆ ಕೌದಿ ಹಾಕ್ತಿದ್ರಂತ. ಕತ್ತಲಾದ್ರ ಕೋಳಿ ಕೂಗಲ್ಲ. ಕಾವಿಗೆ ಕುಂತ ಹ್ಯಾಟಿ ಮಾತ್ರ ಎದುರಿಗೇ ಇಡ್ತಿದ್ರು, ಯಾಕಂದ್ರ 21 ದಿನ ಸರಿಯಾಗಿ ಮೇಯದೆ ಅದು ಸೊರಗಿರ್ತದ, ಯಾವ ಸಾಹೇಬನೂ ಅದನ್ನ ಬೇಡೋದಿಲ್ಲ. "ಕಾವಿಗೆ ಕುಂತಾದಪ್ಪ" ಅನ್ನೋ ಮಾತೇ ಅವರಿಗೆ ಒಂದು ಗುರಾಣಿ. ಆಯಿಗೆ ಸಿಟ್ಟು ಬರ್ತಿದ್ದದ್ದು ಇನ್ನೊಂದಕ್ಕ: ಒಯ್ಯಾಕ ಬರ್ತಿದ್ದ ವಾಲಿಕಾರನೂ ನಮ್ಮ ಮಂದಿಯೇ, ಸಂಬಂಧದಲ್ಲಿ ಅಣ್ಣ. ಬರಿಗೈಲೆ ಹೋದ್ರ ಅವನ ಬೆನ್ನಿಗೆ ಏಟು. "ಅವನೂ ಅಳ್ತಿದ್ದ, ನಾವೂ ಅಳ್ತಿದ್ವಿ, ಕೋಳಿ ಮಾತ್ರ ಹೋಗ್ತಿತ್ತು" ಅಂತಿದ್ಲು.

1950ರ ಜನವರಿ 26ರಂದು ಸಂವಿಧಾನ ಬಂತು. 23ನೇ ವಿಧಿ ತೆಗೆದು ನೋಡ್ರಿ, ಬಾಬಾಸಾಹೇಬರ ನೇತೃತ್ವದಲ್ಲಿ ರೂಪುಗೊಂಡ ಆ ಗ್ರಂಥದ ಇಂಗ್ಲಿಷ್ ಪಠ್ಯದಲ್ಲೂ 'ಬೇಗಾರ್' ಅನ್ನೋ ನಮ್ಮ ಪದವೇ ಅದ. ಅದಕ್ಕೆ ಸರಿಸಮ ಇಂಗ್ಲಿಷ್ ಪದ ಸಿಗಲಿಲ್ಲವೇನೋ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಪಟೇಲ-ಕುಲಕರ್ಣಿಗಳ ವಂಶಪಾರಂಪರ್ಯ ಹುದ್ದೆ ತೆಗೀತು. ಹುದ್ದೆ ಹೋದಷ್ಟು ಬೇಗ ರೂಢಿ ಹೋಗಲಿಲ್ಲ. ಕೆಲಸ ಆಗಬೇಕು ಅಂದ್ರ ಒಂದು ಹುಂಜ ಒಯ್ದು ಕೊಟ್ಟು ಬಾ ಅನ್ನೋ ಮಾತು ನಾನು ಶಾಲಿಗೆ ಹೋಗೋ ಕಾಲಕ್ಕೂ ಕೇಳೀನಿ.

ಈ ನಡುವೆ ಕೇರಿಯೊಳಗೇ ಕೋಳಿಯ ಮರ್ಯಾದಿ ಏರಿತು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಹೆಣ್ಮಕ್ಕಳನ್ನು ಕೂಡಿಸಿಕೊಂಡು ಸತ್ತ ದನದ ಮಾಂಸ ಬಿಡಿ ಎಂದು ಹೇಳಿದ್ದರು. ಆ ಮಾತು ನಮ್ಮ ಸೀಮೆಗೆ ತಡವಾಗಿ ಮುಟ್ಟಿತು. 1968ರಲ್ಲಿ ಕಲಬುರಗಿಯಲ್ಲಿ ಬಿ. ಶ್ಯಾಮಸುಂದರ್ ಭೀಮಸೇನೆ ಕಟ್ಟಿದರು, ಆಮ್ಯಾಲೆ ದಲಿತ ಸಂಘರ್ಷ ಸಮಿತಿ ಬಂತು. ಸತ್ತ ದನ ಹೊರೋದನ್ನ ಒಂದೊಂದೇ ಕೇರಿ ಬಿಟ್ಟಿತು. ಬೀಗರು ಬಂದಾಗ ಏನು ಮಾಡಬೇಕು ಅಂದಾಗ ಹಿತ್ತಲ ಹುಂಜನೇ ಮಾನ ಕಾಯ್ತು. (ದನದ ಮಾಂಸ ತಿನ್ನೋದು ಕೀಳು ಅಂತ ನಾನು ಹೇಳ್ತಿಲ್ಲ, ಅದು ನಮ್ಮ ಹಕ್ಕು. ಸತ್ತದ್ದನ್ನು ಹೊತ್ತು ತಿನ್ನಬೇಕು ಅನ್ನೋ ಕಟ್ಟುಪಾಡಿನ ಮಾತು ಬ್ಯಾರೆ.)

ಈಗ ನಮ್ಮ ಹೆಣ್ಮಕ್ಕಳ ವಿದ್ಯೆಗೆ ಬರೋಣ. ಯಾವ ತರಬೇತಿಯೂ ಇಲ್ಲದೆ ಅವರು ನಡೆಸಿದ್ದು ದೊಡ್ಡ ಶಾಸ್ತ್ರ. ಕಾವಿಗೆ ಇಡೋ ತತ್ತಿ ವಾರದೊಳಗಿನದ್ದೇ ಆಗಬೇಕು. ಅಲ್ಲಿತನಕ ತಂಪು ಮೂಲ್ಯಾಗ ಬೂದಿ ಅಥವಾ ಜ್ವಾಳ ತುಂಬಿದ ಗಡಿಗ್ಯಾಗ ಇಡಬೇಕು. ಹ್ಯಾಟಿ ಮೈ ಮುಚ್ಚುವಷ್ಟೇ ಇಡಬೇಕು, ಹತ್ತೋ ಹನ್ನೆರಡೋ. ಆಸಿಗೆ ಬಿದ್ದು ಹದಿನೆಂಟು ಇಟ್ರ ಅಂಚಿನ ತತ್ತಿ ತಣ್ಣಗಾಗಿ ಎಲ್ಲ ಕೆಡ್ತಾವ. ಏಳೆಂಟು ದಿನಕ್ಕ ರಾತ್ರಿ ದೀಪಕ್ಕ ಹಿಡಿದು ನೋಡೋದು, ಈಗ ಮೊಬೈಲ್ ಟಾರ್ಚು. ಒಳಗ ಕೆಂಪು ನರ ಹರಿದಿದ್ರ ಜೀವ ಅದ, ತಿಳಿ ಇದ್ರ ಗೊಡ್ಡು, ತೆಗೀರಿ. ಗುಡುಗಿಗೆ ತತ್ತಿ ಕೆಡ್ತಾವ ಅಂತ ಬುಟ್ಟ್ಯಾಗ ಕಬ್ಬಿಣದ ತುಂಡು, ಇದ್ದಿಲು ಇಡ್ತಾರ. ಅದರಿಂದ ಏನೂ ಆಗಲ್ಲ, ಕೆಡುಕೂ ಇಲ್ಲ. ಆದರೆ ಎಪ್ರಿಲ್-ಮೇದಾಗ ಕಾವಿಗೆ ಕೂಡಿಸಬಾರದು ಅಂತಾರಲ್ಲ, ಅದು ಪಕ್ಕಾ ವಿಜ್ಞಾನ. ನಮ್ಮ ಬಿಸಿಲಿಗೆ ತತ್ತಿ ಕಾವಿಗೆ ಇಡೋ ಮೊದಲೇ ಅರೆಬರೆ ಬೆಳೆದು ಸಾಯ್ತದ.

ಮರಿ ಹೊರಬಂದ ಮೊದಲ ತಿಂಗಳು ಕಷ್ಟದ್ದು. ಹದ್ದು, ಬೆಕ್ಕು, ಮುಂಗಲಿ ಒಂದು ಕಡೆ, ತಂಪು-ತೇವ ಇನ್ನೊಂದು ಕಡೆ. ನುಚ್ಚು, ಕುದಿಸಿ ಆರಿಸಿದ ನೀರು, ಒಣ ಜಾಗ, ರಾತ್ರಿ ಬೆಚ್ಚಗೆ. ಹಿಕ್ಕಿಯಲ್ಲಿ ರಕ್ತ ಕಂಡ್ರ ಅದು ರಕ್ತಭೇದಿ. ನೆಲ ಒಣಗಿಸಿ, ಹಾಸಿದ ಹೊಟ್ಟು ಬದಲಿಸಿ, ದವಾಖಾನಿಯಿಂದ ಆಂಪ್ರೋಲಿಯಂ ತಂದು ನೀರಾಗ ಕೊಟ್ರ ಮರಿ ಉಳೀತಾವ. ಮುಖದ ಮ್ಯಾಲೆ ಗುಳ್ಳಿ ಎದ್ರ ಸಿಡುಬು. ಅರಿಶಿಣ, ಬೇವಿನೆಣ್ಣಿ ಹಚ್ಚಿ ಗಾಯ ಕೊಳೀದಂಗ ನೋಡ್ಕೊಂಡ್ರ ಬಾಳಷ್ಟು ಬದುಕ್ತಾವ. ಇದೆಲ್ಲ ನಮ್ಮವರ ಕೈಯಾಗಿನ ಮಾತು.

ಕೈ ಮೀರಿದ್ದು ಕೊಕ್ಕರೆ ರೋಗ. ಹಸಿರು ಭೇದಿ, ಬಾಯಿ ತೆರೆದು ಉಸಿರು ಎಳೆಯೋದು, ರೆಕ್ಕಿ ಜೋತು ಬೀಳೋದು, ಕತ್ತು ತಿರುಚೋದು. ಮೂರು-ನಾಲ್ಕು ದಿನದಾಗ ಗೂಡು ಖಾಲಿ. ಪುಸ್ತಕದಾಗ ಇದರ ಹೆಸರು ರಾಣಿಖೇತ್. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಕಾಣಿಸಿಕೊಂಡು, ಮರುವರ್ಷದ ಸುಮಾರಿಗೆ ಕುಮಾಊಂ ಬೆಟ್ಟದ ರಾಣಿಖೇತದಲ್ಲಿ ಗುರುತಾದ ರೋಗ ಇದು. ಇಂಗ್ಲೆಂಡಿನವರು ತಮ್ಮ ಊರಿನ ಹೆಸರಿಟ್ಟರು, ನಮ್ಮಲ್ಲಿ ಬೆಟ್ಟದ ಊರಿನ ಹೆಸರು ಉಳೀತು. ಇದಕ್ಕ ಔಷಧ ಇಲ್ಲ, ವೈರಸ್ಸು. ಲಸಿಕೆ ಮಾತ್ರ ಅದ. ಅದೇ ಕುಮಾಊಂನ ಮುಕ್ತೇಶ್ವರದ ಪಶುವೈದ್ಯ ಸಂಸ್ಥೆಯಲ್ಲಿ 1940ರ ದಶಕದಲ್ಲೇ ತಯಾರಾದ ಆರ್2ಬಿ ಲಸಿಕೆ ಇವತ್ತಿಗೂ ಬಳಕೆಯಲ್ಲದ. ಅಂದ್ರ ನಮ್ಮ ಆಯಿ ಹುಂಜನ ಮ್ಯಾಲೆ ಕೌದಿ ಮುಚ್ಚುತ್ತಿದ್ದ ಆ ದಶಕದಲ್ಲೇ ಈ ದೇಶದಾಗ ಲಸಿಕೆ ಇತ್ತು. ಮುಕ್ಕಾಮಿನಿಂದ ನಮ್ಮ ಗೂಡಿಗೆ ದಾರಿ ಗೊತ್ತಿದ್ದವರಿಗೆ ದವಾಖಾನಿಯಿಂದ ನಮ್ಮ ಗೂಡಿಗೆ ದಾರಿ ಯಾಕ ಗೊತ್ತಾಗಲಿಲ್ಲ?

ಬರೀ ಜಾತಿ ಅಂತ ಹೇಳಿ ಮುಗಿಸಬಹುದಿತ್ತು. ಆದ್ರ ಒಂದು ತಾಂತ್ರಿಕ ಗಂಟೂ ಅದ, ಅದನ್ನ ಬಿಚ್ಚದೆ ನಮಗ ದಾರಿ ಇಲ್ಲ. ಲಸಿಕೆ ಸೀಸೆ ಸಾಮಾನ್ಯವಾಗಿ 100 ಕೋಳಿಗೆ ಆಗುವಷ್ಟು ಇಲ್ಲವೇ ಅದಕ್ಕೂ ದೊಡ್ಡದು. ಐಸಿನಲ್ಲಿ ತರಬೇಕು, ಒಮ್ಮೆ ಕಲಸಿದ್ರ ಎರಡು ತಾಸಿನೊಳಗ ಮುಗಿಸಬೇಕು. ಫಾರಂ ಮಾಲೀಕನಿಗೆ ಸಾವಿರ ಕೋಳಿ ಒಂದೇ ಸೂರಿನಡಿ ಅದಾವ. ನಮ್ಮ ದೊಡ್ಡವ್ವನ ಹತ್ರ ಐದು. ಐದು ಕೋಳಿಗೆ ಸೀಸೆ ಒಡೆಯೋರು ಯಾರು? ಇಡೀ ವ್ಯವಸ್ಥೆಯ ಅಳತೆಯೇ ಫಾರಮ್ಮಿಗೆ ಹೊಂದಿಸಿದ್ದು. ದೇಶದಾಗ ಹಿತ್ತಲ ಕೋಳಿ ಕಡಿಮಿ ಅದಾವ ಅಂತಲ್ಲ, 2019ರ ಜಾನುವಾರು ಗಣತಿಯ 85.18 ಕೋಟಿ ಕೋಳಿ-ಬಾತುಗಳಲ್ಲಿ 31.70 ಕೋಟಿ ಹಿತ್ತಲದ್ದೇ, ಅದೂ ಹಿಂದಿನ ಗಣತಿಗಿಂತ ಶೇ. 45ಕ್ಕೂ ಮಿಕ್ಕಿ ಏರಿಕೆ.

ಸರ್ಕಾರ ಮರಿ ಹಂಚಿಲ್ಲವಾ ಅಂತ ಕೇಳಬಹುದು. ಹಂಚ್ಯಾರ. ಬೆಂಗಳೂರಿನ ಗಿರಿರಾಜ, ಸ್ವರ್ಣಧಾರ, ಹೈದರಾಬಾದಿನ ವನರಾಜ ಒಳ್ಳೆಯ ತಳಿಗಳೇ. ಬೇಗ ತೂಕ ಬರ್ತಾವ, ನಾಟಿಗಿಂತ ತತ್ತಿನೂ ಜಾಸ್ತಿ. ಆದ್ರ ಇವು ಕಾವಿಗೆ ಕೂಡೋದಿಲ್ಲ. ಮುಂದಿನ ಮರಿಗೆ ಮತ್ತೆ ಹ್ಯಾಚರಿ, ಮತ್ತೆ ಅರ್ಜಿ. ತಿಳಿದ ಹೆಣ್ಮಕ್ಕಳು ಗಿರಿರಾಜನ ತತ್ತಿಯನ್ನ ನಾಟಿ ಹ್ಯಾಟಿ ಕೆಳಗ ಇಟ್ಟು ಮರಿ ಮಾಡ್ತಾರ. ನಾಟಿ ಹ್ಯಾಟಿ ಕಳ್ಕೊಂಡ ಕೇರಿಗೆ ಆ ದಾರಿನೂ ಮುಚ್ತದ.

ಇನ್ನೊಂದು ಮಾತು, ತತ್ತಿಯ ಬಗ್ಗೆ. 2021ರ ಡಿಸೆಂಬರಿನಲ್ಲಿ ಯಾದಗಿರಿ ಸೇರಿ ಕೆಲವು ಜಿಲ್ಲೆಗಳ ಶಾಲಿ ಮಕ್ಕಳಿಗೆ ಬಿಸಿಯೂಟದಲ್ಲಿ ತತ್ತಿ ಕೊಡಾಕ ಸುರು ಮಾಡಿದಾಗ ಕೆಲವು ಮಠಾಧೀಶರು ಬೀದಿಗೆ ಇಳಿದರು. ಆಮೇಲೆ ತತ್ತಿ ತಿಂದ ಯಾದಗಿರಿ ಮಕ್ಕಳನ್ನು ತತ್ತಿ ಸಿಗದ ಗದಗಿನ ಮಕ್ಕಳ ಜೊತೆ ಹೋಲಿಸಿದ ಅಧ್ಯಯನ ಬಂತು, ನಮ್ಮ ಮಕ್ಕಳ ತೂಕ ಹೆಚ್ಚು ಏರಿತ್ತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ವಾರಕ್ಕೆ ಆರು ದಿನ ತತ್ತಿ. ನಾವು ಗೆದ್ದ ಜಗಳ ಇದು. ಆದರೆ ನಮ್ಮೂರ ಶಾಲಿಗೆ ಆ ತತ್ತಿ ಪೇಟೆಯಿಂದ ಟ್ರೇಗಟ್ಟಲೆ ಬರ್ತದ. ಶಾಲಿ ಗ್ವಾಡಿ ಆಚೆ ನಮ್ಮ ಅಕ್ಕಂದಿರ ಕೋಳಿ ತತ್ತಿ ಇಡ್ತಾವ, ಅದಕ್ಕ ಒಳಗ ದಾರಿ ಇಲ್ಲ. ದಿನಾ ಇಷ್ಟು ತತ್ತಿ ಖಾತ್ರಿ ಕೊಡ್ತೀವಿ ಅಂತ ಹೇಳಬೇಕಾದ್ರ ಮೊದಲು ಕೋಳಿ ಬ್ಯಾಸಿಗಿ ದಾಟಬೇಕು.

ಹಂಗಾಗಿ ಮಾಡಬೇಕಾದ ಕೆಲಸ ಹಿಂಗದ. ನಿಮ್ಮ ಕೇರಿಯ ಮನಿಮನಿ ಕೋಳಿ ಲೆಕ್ಕ ಬರ್ಕೊಳ್ರಿ. ಇಪ್ಪತ್ತು ಮನಿ ಸೇರಿದ್ರ ನೂರು ದಾಟ್ತದ, ಸೀಸೆ ಒಡೆಯಾಕ ಅಷ್ಟು ಸಾಕು. ಪಟ್ಟಿ ಜೊತೆ ಹೆಣ್ಮಕ್ಕಳ ಸಹಿ ಹಾಕಿಸಿ ತಾಲೂಕು ಪಶು ಆಸ್ಪತ್ರಿಗೆ ಅರ್ಜಿ ಕೊಡ್ರಿ, ಸ್ವೀಕೃತಿ ಮೊಹರು ಹಾಕಿಸ್ಕೊಳ್ಳೋದು ಮರೀಬ್ಯಾಡ್ರಿ. ಯುಗಾದಿ ಆಗಿ ರೋಗ ಬಂದ ಮ್ಯಾಲೆ ಅಲ್ಲ, ಸಂಕ್ರಾಂತಿ ಹೊತ್ತಿಗೇ ಕೊಡ್ರಿ. ಮರಿಗೆ 5ರಿಂದ 7ನೇ ದಿನದೊಳಗ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟಾ, ನಾಲ್ಕು ವಾರಕ್ಕ ಮತ್ತೊಮ್ಮೆ, ಎಂಟು ವಾರಕ್ಕ ರೆಕ್ಕಿ ಕೆಳಗ ಆರ್2ಬಿ ಸೂಜಿ. ನಸುಕಿನ್ಯಾಗ ಕೋಳಿ ಗೂಡಿನಿಂದ ಬಿಡೋ ಮುಂಚೆ ಹಾಕಿಸ್ರಿ, ಬಿಟ್ಟ ಮ್ಯಾಲೆ ಹಿಡಿಯೋದು ಆಗದ ಮಾತು. ಕಾಯಿಲೆ ಇದ್ದದ್ದಕ್ಕ ಲಸಿಕೆ ಬ್ಯಾಡ. ರೋಗ ಬಂದ ಕೋಳಿಯನ್ನ ಸಿಕ್ಕಷ್ಟು ಬರಲಿ ಅಂತ ಸಂತಿಗೆ ಒಯ್ಯಬ್ಯಾಡ್ರಿ, ಅಲ್ಲಿಂದ ಅದು ಹತ್ತು ಕೇರಿಗೆ ಹೋಗ್ತದ. ಸತ್ತದ್ದನ್ನ ಹಳ್ಳಕ್ಕ ಒಗೀದೆ ಸುಣ್ಣ ಹಾಕಿ ಹೂಳ್ರಿ.

ಅರ್ಜಿ ನಮೂನೆ ಬೇಕಾದವರು ಮೆಸೇಜ್ ಮಾಡ್ರಿ, ಟೈಪ್ ಮಾಡಿ ಇಟ್ಟೀನಿ. ಊರ ಹೆಸರು, ಕೋಳಿ ಲೆಕ್ಕ ತುಂಬಿದ್ರ ಆಯ್ತು. ಜೈಭೀಮ್.