ಅಲ್ ಖ್ವಾರಿಝ್ಮಿ: ಕೂಲಿಯ ಲೆಕ್ಕ, ಭೂಮಿಯ ಕೋಷ್ಟಕ

ಅಳತೆ ತೂಕಗಳಲ್ಲಿ ವಂಚಿಸುವವರಿಗೆ ಪವಿತ್ರ ಕುರ್‌ಆನಿನ 'ಅಲ್ ಮುತಫ್ಫಿಫೀನ್' ಅಧ್ಯಾಯವು ನೀಡಿರುವ ಎಚ್ಚರಿಕೆಯನ್ನು ನಾವು ಹೆಚ್ಚಾಗಿ ತಕ್ಕಡಿಗಷ್ಟೇ ಅನ್ವಯಿಸಿಕೊಳ್ಳುತ್ತೇವೆ. ತಕ್ಕಡಿ ಸರಿಯಿದ್ದರೂ ಲೆಕ್ಕ ತಪ್ಪಿದರೆ ಇನ್ನೊಬ್ಬರ ಹಕ್ಕು ನಷ್ಟವಾಗುತ್ತದೆ. ಖಲೀಫ ಮಅಮೂನರ ಆಳ್ವಿಕೆಯಲ್ಲಿ (813–833) ಬಗ್ದಾದಿನ ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಝ್ಮಿ ರಚಿಸಿದ ಬೀಜಗಣಿತ ಗ್ರಂಥದಲ್ಲಿ ವಾರಸುದಾರರ ಪಾಲುಗಳ ಜೊತೆಗೆ ವ್ಯವಹಾರದ ಲೆಕ್ಕಗಳಿಗೂ ಒಂದು ಅಧ್ಯಾಯವಿದೆ.

ಅವರ ಪ್ರಕಾರ ಪ್ರತಿಯೊಂದು ವ್ಯವಹಾರದಲ್ಲಿಯೂ ನಾಲ್ಕು ಸಂಖ್ಯೆಗಳಿವೆ: ಅಳತೆ, ಅದರ ಬೆಲೆ, ಕೊಳ್ಳುವ ಪ್ರಮಾಣ, ಕೊಡುವ ಹಣ. ಮೂರು ತಿಳಿದರೆ ನಾಲ್ಕನೆಯದು ದೊರಕುತ್ತದೆ. 10 ಅಳತೆಗೆ ಬೆಲೆ 6 ಆದರೆ 4 ಕೊಟ್ಟವನಿಗೆ ಎಷ್ಟು? ಹತ್ತನ್ನು ನಾಲ್ಕರಿಂದ ಗುಣಿಸಿ ಆರರಿಂದ ಭಾಗಿಸಿದರೆ ಆರು ಪೂರ್ಣಾಂಕ ಮೂರನೇ ಎರಡು. ಇನ್ನೊಂದು ಉದಾಹರಣೆ ಕೂಲಿಯದು: ತಿಂಗಳಿಗೆ 10 ದಿರ್ಹಮ್ ಪಡೆಯುವ ಕಾರ್ಮಿಕ 6 ದಿನ ದುಡಿದರೆ ಅವನಿಗೆ 2 ದಿರ್ಹಮ್ ಸಲ್ಲಬೇಕು. (ಭಾರತೀಯರು ಇದನ್ನು 'ತ್ರೈರಾಶಿಕ' ಎಂದು ಮೊದಲೇ ಬಲ್ಲವರಾಗಿದ್ದರು, ಅದರ ಕುರಿತು ಅಲ್ ಬೀರೂನಿ ಪ್ರತ್ಯೇಕ ಕೃತಿಯನ್ನೇ ಬರೆದರು.)

ನಮ್ಮ ಮಕ್ಕಳು ಇಂದು ಅದೇ ಕೂಲಿಯನ್ನು ಕೋಷ್ಟಕವಾಗಿ ಬರೆಯಬಲ್ಲರು: 3 ದಿನಕ್ಕೆ 1, 6 ದಿನಕ್ಕೆ 2, 15 ದಿನಕ್ಕೆ 5, 30 ದಿನಕ್ಕೆ 10. ಯಾವ ಸಾಲನ್ನು ಭಾಗಿಸಿದರೂ ಒಂದು ದಿನದ ದರ ದಿರ್ಹಮಿನ ಮೂರನೇ ಒಂದು ಭಾಗ. (3, 1), (6, 2), (15, 5), (30, 10) ಎಂಬ ಜೋಡಿಗಳನ್ನು ಗ್ರಾಫ್ ಕಾಗದದ ಮೇಲೆ ಗುರುತಿಸಿದರೆ ಸೊನ್ನೆಯಿಂದ ಹೊರಡುವ ಒಂದೇ ಸರಳರೇಖೆ ಮೂಡುತ್ತದೆ. ಹದಿನೈದು ದಿನ ದುಡಿಸಿಕೊಂಡು ನಾಲ್ಕೇ ದಿರ್ಹಮ್ ಕೊಟ್ಟಿದ್ದರೆ ಆ ಬಿಂದು ರೇಖೆಯ ಕೆಳಗೆ ಬೀಳುತ್ತದೆ. ಅನ್ಯಾಯವು ಕಣ್ಣಿಗೇ ಕಾಣುತ್ತದೆ.

ಜೋಡಿ ಸಂಖ್ಯೆಗಳೂ ಖ್ವಾರಿಝ್ಮಿಯವರಿಗೆ ಅಪರಿಚಿತವಾಗಿರಲಿಲ್ಲ. ಟಾಲೆಮಿಯ ಭೂಗೋಳವನ್ನು ತಿದ್ದಿ ಬರೆದ 'ಕಿತಾಬ್ ಸೂರತುಲ್ ಅರ್ದ್'ನಲ್ಲಿ ಅವರು ನಗರ, ಪರ್ವತ, ನದಿ, ದ್ವೀಪಗಳೆಂದು 2402 ಸ್ಥಳಗಳಿಗೆ ರೇಖಾಂಶ ಮತ್ತು ಅಕ್ಷಾಂಶಗಳನ್ನು ನೀಡಿದ್ದಾರೆ. ಆದರೂ ದಿನ ಮತ್ತು ಕೂಲಿಯನ್ನು ಅವರು ಹಾಗೆ ಜೋಡಿಸಿ ರೇಖೆ ಎಳೆಯಲಿಲ್ಲ. ಬೀಜಗಣಿತವೂ ರೇಖೆಯೂ ಹಾಗೆ ಒಂದಾದುದು ಹದಿನೇಳನೆಯ ಶತಮಾನದಲ್ಲಿ, ಡೆಕಾರ್ಟ್ ಮತ್ತು ಫರ್ಮಾ ಅವರ ಕೈಯಲ್ಲಿ. ಎಲ್ಲವನ್ನೂ ನಮ್ಮವರೇ ಕಂಡುಹಿಡಿದರೆಂದು ವೇದಿಕೆಗಳಲ್ಲಿ ಹೇಳುವುದು ನಮಗೆ ಸರಿ ಕಾಣುವುದಿಲ್ಲ, ಹೊಗಳಿಕೆಗೂ ಅಳತೆಯಿದೆ.

'ಸೂರತುಲ್ ಅರ್ದ್'ನ 1037ರ ಹಸ್ತಪ್ರತಿ ಸ್ಟ್ರಾಸ್‌ಬರ್ಗ್ ನಗರದಲ್ಲಿದೆ. ಅದರಲ್ಲಿ ಪೂರ್ಣ ಭೂಪಟ ಉಳಿದಿಲ್ಲ. ಆಧುನಿಕ ವಿದ್ವಾಂಸರು ಕೋಷ್ಟಕದ ಜೋಡಿಗಳನ್ನು ಒಂದೊಂದಾಗಿ ಬಿಂದುಗಳಾಗಿ ಗುರುತಿಸಿ ಆ ಭೂಪಟವನ್ನು ಮತ್ತೆ ಬಿಡಿಸಿದ್ದಾರೆ.