ಗೆರೆಯನ್ನು ಆರಿಸುವುದು, ಗೆರೆಯನ್ನು ತಿದ್ದುವುದು

ನಮ್ಮ ಶಾಲೆ ಆರಂಭವಾದಾಗ ಆದವಾನಿ ಬಳ್ಳಾರಿ ಜಿಲ್ಲೆಯ ಒಂದು ತಾಲ್ಲೂಕಾಗಿತ್ತು. ಬಳ್ಳಾರಿಯು ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಇಂದು ಶತಮಾನೋತ್ಸವವನ್ನು ಆಚರಿಸುವಾಗ ನಾವು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯವರು. ಈ ನೂರು ವರ್ಷಗಳಲ್ಲಿ ಊರು ಕದಲಲಿಲ್ಲ, ರಣಮಂಡಲದ ಬೆಟ್ಟ ಕದಲಲಿಲ್ಲ. ನಕ್ಷೆಯ ಮೇಲಿನ ಗೆರೆ ಮಾತ್ರ ಕದಲಿತು. ಆದುದರಿಂದ ಗೆರೆಯ ಚರಿತ್ರೆಯನ್ನು ಬರೆಯುವುದು ನಮ್ಮ ಶಾಲೆಯ ಚರಿತ್ರೆಯ ಒಂದು ಪುಟವನ್ನು ಬರೆದಂತೆಯೇ ಸರಿ ಎಂದು ಭಾವಿಸಿದ್ದೇವೆ.

ಇದನ್ನು ಬರೆಯುತ್ತಿರುವ ನಾವು ಇದೇ ಶಾಲೆಯ ಹಳೆಯ ವಿದ್ಯಾರ್ಥಿಗಳು. ನಕ್ಷೆಗಾರಿಕೆಯಿಂದ ಹೊಟ್ಟೆ ಹೊರೆದವರು. ನಮ್ಮಲ್ಲಿ ಹಿರಿಯರು ಮಸಿಯ ಲೇಖನಿಯಿಂದ ಗೆರೆ ಎಳೆದವರು, ಕಿರಿಯರು ಮೌಸ್ ಹಿಡಿದವರು. ಶಾಲೆಗೆ ಬಂದಾಗಲೆಲ್ಲ ಪೋಷಕರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ಕನ್ನಡ ಮಾಧ್ಯಮದಲ್ಲಿ ಓದಿದ ಮಗು ನಾಳೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯಬಲ್ಲದೇ? ಈ ಲೇಖನವು ಆ ಪ್ರಶ್ನೆಗೆ ನಮ್ಮ ಅನುಭವದ ಉತ್ತರ.

ಸರಪಳಿಯ ಕಾಲ

1800ರಲ್ಲಿ ಹೈದರಾಬಾದಿನ ನಿಜಾಮರು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ದತ್ತಮಂಡಲವೆಂಬ ಹೆಸರು ಬಂದದ್ದು ಆಗಲೇ. 1800ರಿಂದ 1807ರವರೆಗೆ ಇಲ್ಲಿನ ಪ್ರಧಾನ ಕಲೆಕ್ಟರರಾಗಿದ್ದ ಥಾಮಸ್ ಮನ್ರೋ ಅವರು ಹೊಲ ಹೊಲವನ್ನೂ ಅಳೆಸಿ ಕಂದಾಯ ನಿಗದಿ ಮಾಡಿಸಿದರು. ಮುಂದೆ ಮದ್ರಾಸ್ ಪ್ರಾಂತದ ಸರ್ವೆ ಇಲಾಖೆಯು ಪ್ರತಿಯೊಂದು ಸರ್ವೆ ನಂಬರಿಗೂ ಒಂದು ಚಿತ್ರವನ್ನು ಬರೆಸಿತು. ಎಫ್‌ಎಂಬಿ ಎಂದು ನಮ್ಮ ರೈತರು ಇಂದಿಗೂ ಕೇಳಿ ಪಡೆಯುವ ಪುಸ್ತಕ ಅದೇ.

ಅದನ್ನು ಬರೆದ ಕ್ರಮ ಸರಳವಾಗಿದೆ. 66 ಅಡಿ ಉದ್ದದ, 100 ಕೊಂಡಿಗಳ ಸರಪಳಿಯನ್ನು ಹೊಲದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನೇರವಾಗಿ ಹಾಸಿ ಅಳೆಯುವರು, ಅದು ಆಧಾರರೇಖೆ. ಬದು ಬಾಗಿದ ಕಡೆಯಲ್ಲೆಲ್ಲ ಆ ರೇಖೆಗೆ ಲಂಬವಾಗಿ ದೂರವನ್ನು ಅಳೆದು ಬರೆದುಕೊಳ್ಳುವರು. ಈ ಲಂಬದ ಅಳತೆಗೆ ಆಫ್‌ಸೆಟ್ ಎಂದು ಹೆಸರು. ಹತ್ತು ಚದರ ಸರಪಳಿ ಒಂದು ಎಕರೆ. ಸಾವಿರ ಚದರ ಕೊಂಡಿ ಒಂದು ಸೆಂಟು. ನಮ್ಮ ಮನೆಗಳಲ್ಲಿ ಹಿರಿಯರು ಸೆಂಟಿನ ಲೆಕ್ಕದಲ್ಲಿ ಮಾತಾಡುವುದು ಈ ಸರಪಳಿಯಿಂದ ಬಂದದ್ದು.

ಅಣ್ಣತಮ್ಮಂದಿರು ಪಾಲಾದಾಗ ಹೊಲದ ನಡುವೆ ಹೊಸ ಗೆರೆಯೊಂದು ಬರುತ್ತಿತ್ತು. ನಂಬರಿಗೆ ಉಪನಂಬರು ಸೇರುತ್ತಿತ್ತು. ಹೊರಗಿನ ಹಳೆಯ ಗೆರೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಯಾವ ಗೆರೆಯನ್ನು ತಿದ್ದಬಹುದು, ಯಾವುದನ್ನು ತಿದ್ದಬಾರದು ಎಂಬ ವಿವೇಕ ಸರಪಳಿಯ ಕಾಲದಲ್ಲಿಯೇ ಇತ್ತೆಂಬುದನ್ನು ಓದುಗರು ಗಮನಿಸಬೇಕು.

ಟ್ರೇಸಿಂಗ್ ಬಟ್ಟೆಯ ಕಾಲ

ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು; 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಬಲದಂಡೆಯ ಕೆಳಮಟ್ಟದ ಕಾಲುವೆ, ಅಂದರೆ ನಮ್ಮವರು ಎಲ್‌ಎಲ್‌ಸಿ ಎಂದು ಕರೆಯುವ ಕಾಲುವೆ, ಬಳ್ಳಾರಿ ಸೀಮೆಯನ್ನು ದಾಟಿ ನಮ್ಮ ಹತ್ತಿ, ಜೋಳ, ಶೇಂಗಾದ ನಾಡಿಗೆ ಬಂತು. ಅದರೊಡನೆ ನಕ್ಷೆಯ ಕೆಲಸವೂ ಬಂತು.

ಕಾಲುವೆಯ ನಕ್ಷೆಯನ್ನು ತಿದ್ದುವುದು ಸುಲಭವಲ್ಲ. ನೀರು ಇಳಿಜಾರಿನಲ್ಲಿ ತಾನಾಗಿ ಹರಿಯಬೇಕಾದುದರಿಂದ ಒಂದು ಸ್ಥಳದ ತಳಮಟ್ಟವು ಅದರ ಕೆಳಗಿನ ಎಲ್ಲ ಸ್ಥಳಗಳ ಮಟ್ಟವನ್ನು ನಿಯಮಿಸುತ್ತದೆ. ಮೇಲೆ ಒಂದು ಅಂಕಿಯನ್ನು ತಿದ್ದಿದರೆ ಕೆಳಗಿನ ಹಾಳೆಗಳನ್ನೆಲ್ಲ ತಿದ್ದಬೇಕು. ಟ್ರೇಸಿಂಗ್ ಬಟ್ಟೆಯ ಮೇಲೆ ಮಸಿಯಿಂದ ಎಳೆದ ಗೆರೆ ರಬ್ಬರಿಗೆ ಜಗ್ಗುತ್ತಿರಲಿಲ್ಲ. ಬ್ಲೇಡಿನ ಅಂಚಿನಿಂದ ಮೆಲ್ಲಗೆ ಕೆರೆಯಬೇಕಿತ್ತು. ಕೈ ಸ್ವಲ್ಪ ಒತ್ತಿದರೆ ಬಟ್ಟೆ ತೂತಾಗಿ ವಾರದ ಕೆಲಸ ವ್ಯರ್ಥವಾಗುತ್ತಿತ್ತು.

ಆ ಕಾಲದ ನಕ್ಷೆಗಾರರ ಮೇಜಿನ ಮೇಲೆ ತೆಳುವಾದ ಉಕ್ಕಿನ ತಗಡೊಂದು ಇರುತ್ತಿತ್ತು. ಅದರಲ್ಲಿ ಉದ್ದನೆಯ, ಗುಂಡನೆಯ, ಬಾಗಿದ ಸಣ್ಣ ಸಣ್ಣ ಕಂಡಿಗಳು. ಅಳಿಸಬೇಕಾದ ಗೆರೆಯು ಕಂಡಿಯೊಳಗೆ ಕಾಣುವಂತೆ ತಗಡನ್ನಿಟ್ಟು ಉಜ್ಜಿದರೆ ಆ ಗೆರೆ ಮಾತ್ರ ಅಳಿಯುತ್ತದೆ, ಪಕ್ಕದ್ದು ಉಳಿಯುತ್ತದೆ. ಕಂಪ್ಯೂಟರು ಇಂದು ವಸ್ತುವಿನ ಆಯ್ಕೆ ಎಂದು ಯಾವುದನ್ನು ಕರೆಯುತ್ತದೆಯೋ ಅದನ್ನು ಆಗ ಈ ತಗಡು ಮಾಡುತ್ತಿತ್ತು. ಮೊದಲು ಆರಿಸು, ಅನಂತರ ತಿದ್ದು ಎಂಬ ನಿಯಮವನ್ನು ಯಂತ್ರ ಕಂಡುಹಿಡಿಯಲಿಲ್ಲ. ಅದು ಮನುಷ್ಯರಿಂದ ಕಲಿಯಿತು.

ಮೂಲ ನಕ್ಷೆಯ ಪ್ರತಿಗಳನ್ನು ತೆಗೆಯಲು ಮೊದಲು ನೀಲಿ ಹಾಳೆಯಿತ್ತು. ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಈ ವಿಧಾನದಲ್ಲಿ ನೀಲಿಯ ಮೇಲೆ ಬಿಳಿಯ ಗೆರೆ ಮೂಡುತ್ತಿತ್ತು. ಮುಂದೆ ಕಣ್ಣಲ್ಲಿ ನೀರು ಬರಿಸುವ ವಾಸನೆಯ ಅಮೋನಿಯಾ ಪ್ರಿಂಟು ಬಂತು. ಮೂಲದಲ್ಲಿ ಒಂದು ತಪ್ಪಿದ್ದರೆ ಪ್ರತಿಯೊಂದು ಪ್ರತಿಯಲ್ಲಿಯೂ ಅದೇ ತಪ್ಪು.

ಬೆಳಕಿನ ಲೇಖನಿ

1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್‌ಲ್ಯಾಂಡ್ ಎಂಬ ಸಂಶೋಧಕರು ತಮ್ಮ ಡಾಕ್ಟರೇಟ್ ಪ್ರಬಂಧಕ್ಕಾಗಿ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯನ್ನು ರಚಿಸಿದರು. ಟಿಎಕ್ಸ್-2 ಎಂಬ ಭಾರಿ ಗಣಕಯಂತ್ರದ ಪರದೆಯ ಮೇಲೆ ಬೆಳಕಿನ ಲೇಖನಿಯನ್ನು ಇಟ್ಟು ಗೆರೆ ಎಳೆಯಬಹುದಾಗಿತ್ತು. ಅದಕ್ಕಿಂತ ಮುಖ್ಯವಾದದ್ದು, ಎಳೆದ ಗೆರೆಯನ್ನು ತೋರಿಸಿ ಹಿಡಿಯಬಹುದಾಗಿತ್ತು. ಲೇಖನಿಯು ಗೆರೆಯ ಹತ್ತಿರ ಬಂದರೆ ಸಾಕು, ಯಂತ್ರವೇ ಲೆಕ್ಕ ಹಾಕಿ ಅದನ್ನು ಗೆರೆಯ ಮೇಲಕ್ಕೆ ಸೆಳೆದುಕೊಳ್ಳುತ್ತಿತ್ತು. ಎರಡು ಗೆರೆಗಳನ್ನು ಆರಿಸಿ ಸಮಾಂತರವಾಗಲಿ ಎಂದರೆ ಆಗುತ್ತಿದ್ದವು. ಒಂದು ಮೂಲಚಿತ್ರವನ್ನು ಬರೆದು ಅದರ ಅನೇಕ ಪ್ರತಿಗಳನ್ನು ಇಟ್ಟರೆ, ಮೂಲವನ್ನು ತಿದ್ದಿದಾಗ ಪ್ರತಿಗಳೆಲ್ಲ ತಾವಾಗಿ ತಿದ್ದಿಕೊಳ್ಳುತ್ತಿದ್ದವು.

ಇದು ಸಾಧ್ಯವಾದದ್ದು ಹೇಗೆಂದು ನಮ್ಮ ಗಣಿತದ ತರಗತಿಯಲ್ಲಿ ಕುಳಿತವರಿಗೆ ತಿಳಿಯುತ್ತದೆ. ಕಾಗದದ ಗೆರೆ ಮಸಿಯ ಗುರುತು. ಕಂಪ್ಯೂಟರಿನ ಗೆರೆ ಎರಡು ತುದಿಗಳ ನಿರ್ದೇಶಾಂಕ. ಬಿಂದುವನ್ನು ಅಂಕಿಗಳಿಂದ ಹೇಳಬಹುದೆಂದು ಡೆಕಾರ್ಟೆ ಅವರ ಜ್ಯಾಮಿತಿಯ ಗ್ರಂಥ 1637ರಲ್ಲಿಯೇ ದಾರಿ ತೋರಿಸಿತ್ತು. ಗೆರೆಯು ಅಂಕಿಯಾದ ಮೇಲೆ ಅದನ್ನು ಸರಿಸುವುದೆಂದರೆ ಕೂಡುವುದು, ಹಿಗ್ಗಿಸುವುದೆಂದರೆ ಗುಣಿಸುವುದು.

1982ರಲ್ಲಿ ಆಟೋಡೆಸ್ಕ್ ಸಂಸ್ಥೆಯು ಸಣ್ಣ ಕಂಪ್ಯೂಟರುಗಳಿಗಾಗಿ ಆಟೋಕ್ಯಾಡ್ ತಂತ್ರಾಂಶವನ್ನು ಹೊರತಂದಿತು. ಕೋಣೆಯಷ್ಟು ದೊಡ್ಡ ಯಂತ್ರದ ವಿದ್ಯೆ ಮೇಜಿನ ಮೇಲೆ ಬಂತು. ಮುಂದಿನ ದಶಕಗಳಲ್ಲಿ ನಮ್ಮ ಊರಿನ ಮನೆಕಟ್ಟುವವರ ಬಳಿಗೂ ಬಂತು.

ಆರಿಸುವ ವಿದ್ಯೆ

ಹೊಸಬರು ಗೆರೆ ಎಳೆಯುವುದನ್ನು ಬೇಗ ಕಲಿಯುತ್ತಾರೆ. ಆರಿಸುವುದನ್ನು ನಿಧಾನವಾಗಿ ಕಲಿಯುತ್ತಾರೆ. ಒಂದೇ ಗೆರೆಯಾದರೆ ಅದರ ಮೇಲೆ ಒತ್ತಿದರೆ ಸಾಕು. ಅನೇಕವಾದರೆ ಸುತ್ತಲೂ ಚೌಕವನ್ನು ಎಳೆಯಬೇಕು. ಚೌಕವನ್ನು ಎಡದಿಂದ ಬಲಕ್ಕೆ ಎಳೆದರೆ ಅದರೊಳಗೆ ಪೂರ್ಣವಾಗಿ ಇರುವುವು ಮಾತ್ರ ಆಯ್ಕೆಯಾಗುತ್ತವೆ; ಇದಕ್ಕೆ ವಿಂಡೋ ಎನ್ನುತ್ತಾರೆ. ಬಲದಿಂದ ಎಡಕ್ಕೆ ಎಳೆದರೆ ಚೌಕವನ್ನು ಮುಟ್ಟಿದವೂ ಸೇರಿಕೊಳ್ಳುತ್ತವೆ, ಇದು ಕ್ರಾಸಿಂಗ್. ಒಳಗಿರುವುದು ಬೇರೆ, ಮುಟ್ಟುವುದು ಬೇರೆ.

ನಮ್ಮಲ್ಲೊಬ್ಬರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮನೆಯೊಂದರ ನಕ್ಷೆಯಿಂದ ಎರಡು ಸಾಲು ಬರಹವನ್ನು ಅಳಿಸಲು ಹೋಗಿ, ಕೈತಪ್ಪಿ ಬಲದಿಂದ ಎಡಕ್ಕೆ ಚೌಕ ಎಳೆದರು. ಬರಹದ ಜೊತೆ ಗೋಡೆಯ ಗೆರೆಯೂ ಹೋಯಿತು. ಯಾರೂ ನೋಡಲಿಲ್ಲ. ನಕ್ಷೆ ಕೆಲಸದ ಜಾಗಕ್ಕೆ ಹೋದಾಗ ಹಿರಿಯ ಮೇಸ್ತ್ರಿಯೊಬ್ಬರು ಹಾಳೆಯನ್ನು ತಿರುಗಿಸಿ ನೋಡಿ, “ಏನಪ್ಪಾ, ಅಡಿಗಿ ಮನಿಗೆ ಈ ಕಡಿ ಗ್ವಾಡಿ ಬ್ಯಾಡೇನು?” ಎಂದು ಕೇಳಿದರು. ಅಕ್ಷರ ಹೆಚ್ಚು ಓದದ ಮೇಸ್ತ್ರಿಗೆ ನಕ್ಷೆ ಓದಲು ಬರುತ್ತಿತ್ತು. ಆದುದರಿಂದ ಮನೆ ಉಳಿಯಿತು.

ಆಯ್ಕೆಯಲ್ಲಿ ಇನ್ನೊಂದು ಬಗೆಯಿದೆ. ಬಾಗಿಲು, ಕಿಟಕಿ ಮುಂತಾದವುಗಳ ಗೆರೆಗಳನ್ನು ಒಂದು ಬ್ಲಾಕ್ ಆಗಿ ಕಟ್ಟಿಡುತ್ತಾರೆ. ಆಮೇಲೆ ಅದರ ಯಾವುದೊಂದು ಗೆರೆಯನ್ನು ಮುಟ್ಟಿದರೂ ಇಡೀ ಬ್ಲಾಕ್ ಆಯ್ಕೆಯಾಗುತ್ತದೆ. ಸರಿಸಿದರೆ ಇಡಿಯಾಗಿ ಸರಿಯುತ್ತದೆ. ಇದನ್ನು ಕಲಿತ ದಿನ ನಮಗೆ ನಮ್ಮ ಸೀಮೆಯ ಚರಿತ್ರೆ ನೆನಪಾಯಿತು. ಆಂಧ್ರ ರಾಜ್ಯದ ರಚನೆಗಾಗಿ ನ್ಯಾಯಮೂರ್ತಿ ವಾಂಛೂ ಅವರು 1953ರಲ್ಲಿ ವರದಿ ಸಲ್ಲಿಸಿದರು. ಬಳ್ಳಾರಿ ತಾಲ್ಲೂಕಿನ ಪ್ರಶ್ನೆಯನ್ನು ನ್ಯಾಯಮೂರ್ತಿ ಮಿಶ್ರಾ ಅವರು ವಿಚಾರಿಸಿದರು. ಕೊನೆಗೆ 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿಯೂ ಜಿಲ್ಲೆಯ ಉಳಿದ ತಾಲ್ಲೂಕುಗಳೂ ಮೈಸೂರಿಗೆ ಸೇರಿದವು. ಆಯ್ಕೆಯ ಘಟಕ ಹಳ್ಳಿಯಾಗಿರಲಿಲ್ಲ, ತಾಲ್ಲೂಕಾಗಿತ್ತು. ಕನ್ನಡವಾಡುವ ಹಳ್ಳಿಯೂ ತೆಲುಗುವಾಡುವ ಹಳ್ಳಿಯೂ ಒಂದೇ ಬ್ಲಾಕಿನ ಗೆರೆಗಳಂತೆ ಜೊತೆಯಾಗಿ ಸರಿದವು.

ಇದನ್ನು ದೂರಾಗಿ ಹೇಳುತ್ತಿಲ್ಲ. ಎರಡೂ ಭಾಷೆಗಳಲ್ಲಿ ಬಾಳುವ ಸೌಭಾಗ್ಯ ನಮಗೆ ಅದರಿಂದಲೇ ದೊರೆತಿದೆ. ಏನನ್ನು ಒಂದು ಘಟಕವೆಂದು ಹಿಡಿಯುತ್ತೇವೆಯೋ ಅದರಂತೆ ತಿದ್ದುಪಡಿಯ ಫಲ ಎಂಬುದಕ್ಕೆ ಮಾತ್ರ ನಮ್ಮ ತಂದೆತಾಯಿಯರ ಬದುಕೇ ಸಾಕ್ಷಿ. ಆಂಧ್ರದ ಪಠ್ಯಕ್ರಮವನ್ನು ಕನ್ನಡದಲ್ಲಿ ಓದುವ ನಮ್ಮ ಶಾಲೆಯ ಇಂದಿನ ಸ್ಥಿತಿಯೂ ಆ ಗೆರೆಯಿಂದ ಬಂದದ್ದೇ.

ತಿದ್ದುವ ವಿದ್ಯೆ

ಈಗ ಪೋಷಕರ ಪ್ರಶ್ನೆಗೆ ಬರೋಣ. ತಂತ್ರಾಂಶದ ಆಜ್ಞೆಗಳೆಲ್ಲ ಇಂಗ್ಲಿಷಿನಲ್ಲಿವೆ, ನಿಜ. ಮೊದಲ ದಿನ ಪರದೆಯ ಮುಂದೆ ಕುಳಿತು ನಾವೂ ಹೆದರಿದೆವು. ಆದರೆ ಆ ಹೆಸರುಗಳ ಹಿಂದೆ ಇದ್ದದ್ದು ನಮ್ಮ ಕಂಪಾಸ್ ಪೆಟ್ಟಿಗೆಯ ವಿದ್ಯೆಯೇ. ಆಫ್‌ಸೆಟ್ ಎಂದರೆ ಕೊಟ್ಟ ದೂರದಲ್ಲಿ ಸಮಾಂತರ ರೇಖೆ; ಸರ್ವೆಯವರ ಆಫ್‌ಸೆಟ್ಟಿಗೂ ಇದಕ್ಕೂ ಅರ್ಥ ಬೇರೆಯಾದರೂ ಎರಡಕ್ಕೂ ಲಂಬದ ದೂರವೇ ಆಧಾರ. ಟ್ರಿಮ್ ಎಂದರೆ ಛೇದನ ಬಿಂದುವಿನಾಚೆಯ ಭಾಗವನ್ನು ಕತ್ತರಿಸುವುದು. ಎಕ್ಸ್‌ಟೆಂಡ್ ಎಂದರೆ ಗೆರೆಯನ್ನು ಇನ್ನೊಂದು ಗೆರೆ ಮುಟ್ಟುವವರೆಗೆ ಬೆಳೆಸುವುದು. ಮಿರರ್ ಎಂದರೆ ಅಕ್ಷದ ಆಚೆಗೆ ಪ್ರತಿಬಿಂಬ. ಫಿಲೆಟ್ ಎಂದರೆ ಎರಡು ಗೆರೆಗಳನ್ನು ಸ್ಪರ್ಶಿಸುವ ಕಂಸ. ಮಧ್ಯಬಿಂದು, ಕೇಂದ್ರ, ಲಂಬ, ಸ್ಪರ್ಶಕ ಇವುಗಳನ್ನು ಹಿಡಿಯಲು ಯಂತ್ರದಲ್ಲಿ ಬೇರೆ ಬೇರೆ ಗುರುತುಗಳಿವೆ. ಅವುಗಳ ಅರ್ಥವನ್ನು ಕರಿಹಲಗೆಯ ಮೇಲೆ ಮರದ ಕೈವಾರ ಹಿಡಿದು ನಮ್ಮ ಗುರುಗಳು ಕನ್ನಡದಲ್ಲಿ ಹೇಳಿಕೊಟ್ಟಿದ್ದರು. ಹೆಸರುಗಳನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಬಹುದು. ಅರ್ಥವನ್ನು ಕಲಿಯಲು ವರ್ಷಗಳು ಬೇಕು. ನಾವು ಶಾಲೆಯಿಂದ ಹೊರಡುವಾಗ ಅರ್ಥವನ್ನು ಕಟ್ಟಿಕೊಂಡೇ ಹೊರಟಿದ್ದೆವು.

ಕಷ್ಟವಿಲ್ಲವೆಂದು ಹೇಳಿದರೆ ಸುಳ್ಳಾದೀತು. ಕೈಪಿಡಿಗಳು ಇಂಗ್ಲಿಷಿನಲ್ಲಿವೆ, ಸಂದರ್ಶನಗಳು ಇಂಗ್ಲಿಷಿನಲ್ಲಿ ನಡೆಯುತ್ತವೆ. ಗೆರೆ ಬಲ್ಲ ಹುಡುಗರು ಮಾತು ಬಾರದೆ ಹಿಂದೆ ಉಳಿದದ್ದನ್ನು ಕಂಡಿದ್ದೇವೆ. ಅದು ಜ್ಞಾನದ ಕೊರತೆಯಲ್ಲ, ಹೆಸರುಗಳ ಕೊರತೆ, ತುಂಬಿಕೊಡಬಹುದಾದ ಕೊರತೆ.

ಹೊಸ ಕಾಲಕ್ಕೆ ಒಂದು ಎಚ್ಚರಿಕೆಯೂ ಬೇಕು. ಬಟ್ಟೆಯ ಮೇಲೆ ಕೆರೆದ ಜಾಗ ಬೆಳಕಿಗೆ ಹಿಡಿದರೆ ಕಾಣುತ್ತಿತ್ತು. ಪರದೆಯ ಮೇಲೆ ಅಳಿಸಿದ ಗೆರೆಗೆ ಗುರುತಿಲ್ಲ. ಅನ್‌ಡೂ ಒತ್ತಿದರೆ ಹಿಂದಕ್ಕೆ ಬರುತ್ತದೆ. ಕಡತವನ್ನು ಉಳಿಸಿ ಮುಚ್ಚಿದ ಮೇಲೆ ಬರುವುದಿಲ್ಲ. ಆದುದರಿಂದಲೇ ಒಳ್ಳೆಯ ನಕ್ಷೆಗಾರರು ತಿದ್ದುಪಡಿಯ ದಿನಾಂಕವನ್ನೂ ಕಾರಣವನ್ನೂ ಹಾಳೆಯ ಮೂಲೆಯ ಪಟ್ಟಿಯಲ್ಲಿ ಬರೆಯುತ್ತಾರೆ. ಮುಟ್ಟಬಾರದ ಗೆರೆಗಳ ಪದರಕ್ಕೆ ಬೀಗ ಹಾಕುತ್ತಾರೆ.

ಇದು ನಕ್ಷೆಗಾರರಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಆಂಧ್ರಪ್ರದೇಶದಲ್ಲಿ 2020ರ ಡಿಸೆಂಬರಿನಲ್ಲಿ ಜಮೀನುಗಳ ಮರುಸರ್ವೆ ಆರಂಭವಾಯಿತು. ಡ್ರೋನುಗಳು ಮೇಲಿನಿಂದ ಚಿತ್ರ ತೆಗೆದವು; ರೋವರ್ ಎಂಬ ಉಪಕರಣಗಳು ಬದುಗಳ ಸ್ಥಾನವನ್ನು ಗುರುತಿಸಿದವು. ಸರಪಳಿಯ ಕಾಲದ ಹೊಲ ಪರದೆಯ ಮೇಲೆ ಆರಿಸಿ ತಿದ್ದಬಹುದಾದ ಆಕೃತಿಯಾಗುತ್ತಿದೆ. ಅಲ್ಲಿ ಕೂದಲೆಳೆಯಷ್ಟು ಸರಿದ ಗೆರೆ ಇಲ್ಲಿ ಒಂದು ಬದು, ಒಂದು ಬೇವಿನ ಮರ, ಒಂದು ದಾವೆ. ಕೈಗೆ ಬಂದ ನಕ್ಷೆಯನ್ನು ಆ ಮೇಸ್ತ್ರಿಯಂತೆ ತಿರುಗಿಸಿ ನೋಡಿ, “ನಮ್ಮ ಗಡಿ ಇದಲ್ಲ” ಎಂದು ಹೇಳಬಲ್ಲವರು ಪ್ರತಿ ಮನೆಯಲ್ಲಿಯೂ ಒಬ್ಬರಿರಬೇಕು.

ಶತಮಾನೋತ್ಸವದ ಈ ಸಂದರ್ಭದಲ್ಲಿ ಶಾಲೆಗೆ ನಮ್ಮ ವಿನಂತಿ ಚಿಕ್ಕದು. ಗಣಿತದ ತರಗತಿಗೆ ಒಂದೆರಡು ಕಂಪ್ಯೂಟರುಗಳು ಬರಲಿ. ಹಣ ಕೊಡದೆ ದೊರೆಯುವ ಲಿಬ್ರೆಕ್ಯಾಡ್‌ನಂಥ ತಂತ್ರಾಂಶ ಅದಕ್ಕೆ ಸಾಕು. ಪಕ್ಕದ ಗೋಡೆಯ ಮೇಲೆ ಒಂದು ಹಾಳೆ ಇರಲಿ: ಎಡಕ್ಕೆ ಗುರುಗಳು ಕಲಿಸಿದ ಕನ್ನಡದ ಹೆಸರು, ಬಲಕ್ಕೆ ಯಂತ್ರದ ಆಜ್ಞೆ. ಆ ಹಾಳೆಯನ್ನು ಬರೆದುಕೊಡುವ ಹೊಣೆ ಹಳೆಯ ವಿದ್ಯಾರ್ಥಿಗಳಾದ ನಮ್ಮದು. ನಮಗೆ ಗೆರೆ ಎಳೆಯಲು ಕಲಿಸಿದ ಗುರುಗಳಿಗೆ ನಾವು ಸಲ್ಲಿಸಬಹುದಾದ ಕಾಣಿಕೆಯೂ ಅದೇ.